ಓದು ಬಾರದವರ ಮತ

5 ಸೆಪ್ಟೆಂಬರ್ 1997
ಕರಕ್

ಪ್ರೀತಿಯ ಅಣ್ಣ ಮುಫ್ಲಿಹ್‌ಗೆ,

ಅಸ್ಸಲಾಮು ಅಲೈಕುಂ. ನೀನು ಕಳಿಸಿದ ಫೋಟೋ ತಲುಪಿತು. ಶಾಂತಿಪಡೆಯ ನೀಲಿ ಟೋಪಿಯಲ್ಲಿ ನೀನು ನಮ್ಮ ಸೈನ್ಯದ ಲೆಫ್ಟಿನೆಂಟ್ ಥರ ಕಾಣುವುದಿಲ್ಲ, ಅಂಚೆಯವನ ಥರ ಕಾಣುತ್ತೀಯ ಎಂದು ಅಜ್ಜಿ ಹೇಳಿದಳು. ಹೇಳಿದವಳೇ ಅದನ್ನು ಟಿವಿಯ ಮೇಲೆ ಇಡಿಸಿದಳು. ಅಮ್ಮ ದಿನಾ ಒರೆಸುತ್ತಾಳೆ.

ಇಲ್ಲಿ ಚುನಾವಣೆಯ ಗಾಳಿ. ಕಳೆದ ಗುರುವಾರ ನಮ್ಮ ದವಾರ್ಜಾ ಕುಲದ ಗಂಡಸರೆಲ್ಲ ಚಾವಡಿಯಲ್ಲಿ ಸೇರಿದ್ದರು. ಪಾರ್ಲಿಮೆಂಟಿಗೆ ಕುಲದಿಂದ ಒಬ್ಬನೇ ನಿಲ್ಲಬೇಕು, ಆ ಒಬ್ಬ ಯಾರು ಅನ್ನುವುದು ಅಲ್ಲೇ ತೀರ್ಮಾನ. ಎರಡು ಹೆಸರು ಬಂದವು. ಒಂದು ದೊಡ್ಡಪ್ಪ ದೈಫುಲ್ಲಾ. ಇನ್ನೊಂದು ಕೆಳಮನೆಯವರ ಮಗ, ಅಮ್ಮಾನಿನ ವಕೀಲ. ನಾವು ಹೆಂಗಸರು ಹಿಂದಿನ ಕೋಣೆಯಲ್ಲಿ ಮನ್ಸಫ್‌ ಮಾಂಸದೂಟಕ್ಕೆ ಮೊಸರು ಕಲಕುತ್ತಾ ಗೋಡೆಗೆ ಕಿವಿ ಕೊಟ್ಟು ನಿಂತಿದ್ದೆವು. ಮೊಸರು ಒಂದೇ ದಿಕ್ಕಿಗೆ ತಿರುಗಿಸದಿದ್ದರೆ ಒಡೆಯುತ್ತದಲ್ಲ, ಅದಕ್ಕೇ ಯಾರೂ ಕೈ ಬಿಡಲಿಲ್ಲ, ಕಿವಿಯನ್ನೂ ಬಿಡಲಿಲ್ಲ.

ಪಾರ್ಲಿಮೆಂಟು ಕಾನೂನು ಮಾಡುವ ಜಾಗ, ಆದ್ದರಿಂದ ಕಾನೂನು ಓದಿದವನು ಹೋಗಲಿ ಎಂದು ಯಾರೋ ಅಂದರು. ಆ ಯಾರೋ ನಮ್ಮ ಅಪ್ಪ. ತಮ್ಮ ಸ್ವಂತ ಅಣ್ಣನ ಎದುರು, ಎಲ್ಲರಿಗೂ ಕೇಳುವ ಹಾಗೆ. ಅದಕ್ಕೆ ದೊಡ್ಡಪ್ಪ ಹೇಳಿದ್ದು ಇಷ್ಟು: "ಕಾನೂನು ಗೊತ್ತಿರೋನು ಕೋರ್ಟಿಗೆ ಹೋಗ್ಲಿ. ಜನ ಗೊತ್ತಿರೋನು ಪಾರ್ಲಿಮೆಂಟಿಗೆ ಹೋಗ್ಲಿ." ಚಾವಡಿ ನಕ್ಕಿತು. ಚೀಟಿ ಹಾಕಿದರು. ದೊಡ್ಡಪ್ಪ ಗೆದ್ದರು. ಕುಲವೆಲ್ಲ ಒಂದೇ ಎಂದು ಎಲ್ಲರೂ ಸೇರಿ ಫಾತಿಹಾ ಓದಿದರು, ಅಪ್ಪನೂ ಓದಿದರು. ಆದರೆ ಅಂದಿನಿಂದ ದೊಡ್ಡಪ್ಪನ ಮನೆಯವರ ಸಲಾಮು ಚಿಕ್ಕದಾಗಿದೆ. ನಿಂತು ಹೇಳುತ್ತಿದ್ದವರು ಈಗ ನಡೆಯುತ್ತಲೇ ಹೇಳುತ್ತಾರೆ.

ನನಗೆ ಇದು ಮೊದಲ ಮತ. ಪದವಿ ಮುಗಿಸಿ ಒಂದು ವರ್ಷವಾಯಿತು, ಸರ್ಕಾರಿ ನೌಕರಿಯ ಸರದಿ ಇನ್ನೂ ಬಂದಿಲ್ಲ. ಮನೆಯಲ್ಲಿ ಓದುತ್ತೇನೆ, ಆಲಿವ್ ಸೀಳುತ್ತೇನೆ, ಅತಿಥಿಗಳು ಬಂದರೆ ಒಳಗೆ ಹೋಗಿ ಕೂರುತ್ತೇನೆ. ಪಾರ್ಲಿಮೆಂಟಿಗೆ ನನ್ನಿಂದ ಏನೋ ಬೇಕಾಗಿದೆ ಅನ್ನುವುದೇ ನನಗೆ ಸೋಜಿಗ.

ಸೈನಿಕನಾದ್ದರಿಂದ ನಿನಗೆ ಇಲ್ಲಿ ಮತವಿಲ್ಲ. ಆದರೆ ಏಪ್ರಿಲ್‌ನಲ್ಲಿ ನೀನು ಆ ದೇಶದವರ ಮತಪೆಟ್ಟಿಗೆಗೆ ಕಾವಲು ನಿಂತಿದ್ದೆಯಂತೆ. ಅಲ್ಲಿ ಹೇಗಿತ್ತು, ಬರೆ.

ನಿನ್ನ ತಂಗಿ
ಮೈಸೂನ್

*

27 ಸೆಪ್ಟೆಂಬರ್ 1997
ದಾನ್ಯೂಬ್ ನದಿಯ ಪಕ್ಕ

ಕಣ್ಮಣಿ ಮೈಸೂನ್,

ಅಂಚೆಯವನ ಸಲಾಮುಗಳು. ಅಜ್ಜಿಗೆ ಹೇಳು, ಇಲ್ಲಿನ ಅಂಚೆಯವನಿಗೆ ನನಗಿಂತ ಒಳ್ಳೆಯ ಬೂಟು ಇದೆ.

ಏಪ್ರಿಲ್‌ದು ಕೇಳಿದೆಯಲ್ಲ, ಒಂದು ಹೇಳುತ್ತೇನೆ. ಒಂದು ಹಳ್ಳಿಯ ಶಾಲೆಯಲ್ಲಿ ನಮ್ಮ ತುಕಡಿ ಇತ್ತು. ನಿನ್ನೆ ಮೊನ್ನೆ ಒಬ್ಬರಿಗೊಬ್ಬರು ಗುಂಡು ಹೊಡೆದ ಜನ ಒಂದೇ ಸಾಲಿನಲ್ಲಿ ನಿಂತಿದ್ದರು. ಒಬ್ಬ ಮುದುಕ ಹೆಂಡತಿಯ ಜೊತೆ ಬಂದ. ಆಕೆ ಪರದೆಯ ಹಿಂದೆ ಹೋದಳು. ಇವನೂ ಹಿಂದೆಯೇ ನುಗ್ಗಿದ. ಮಆನ್ ಊರಿನ ನಮ್ಮ ಕಾರ್ಪೊರಲ್ ತನಗೆ ಬರುವ ಮೂರೇ ಮೂರು ಮಾತು ಹೇಳಿ ತಡೆದ: ನಿಲ್ಲಿ, ದಯವಿಟ್ಟು, ಅಜ್ಜಿ. ಅಜ್ಜಿ ಅನ್ನುವ ಪದ ಅವನಿಗೆ ಯಾಕೆ ಗೊತ್ತಿತ್ತೋ. ಮುದುಕ ನಿಂತ. ಆಕೆ ಹೊರಬಂದಾಗ ಕಾಗದ ಹುರಳಿಕಾಳಿನಷ್ಟು ಚಿಕ್ಕದಾಗಿ ಮಡಚಿತ್ತು. ಯಾರಿಗೆ ಹಾಕಿದೆ ಎಂದು ಅವನು ಕೇಳಿದ. ಆಕೆ ನಕ್ಕಳು. ರಸ್ತೆಯ ತಿರುವಿನವರೆಗೂ ಅವನು ಕೇಳುತ್ತಲೇ ಇದ್ದ, ಆಕೆ ನಗುತ್ತಲೇ ಇದ್ದಳು.

ಅವತ್ತು ನನಗೆ ಹೊಳೆಯಿತು. ನಾನು ಬಂದೂಕು ಹಿಡಿದು ಕಾಯುತ್ತಿದ್ದುದು ಪೆಟ್ಟಿಗೆಯನ್ನಲ್ಲ, ಆ ಪರದೆಯನ್ನು. ಅಂಥ ಪರದೆ ನಿನಗೂ ಇದೆ. ಒಳಗೆ ಹೋದಮೇಲೆ ನೀನು, ಅಲ್ಲಾಹ್, ಒಂದು ಪೆನ್ನು. ಅಷ್ಟೇ. ಅಪ್ಪನೂ ಇಲ್ಲ, ನಾನೂ ಇಲ್ಲ. ಹೆದರಬೇಡ.

ದೊಡ್ಡಪ್ಪ ಮನೆಗೆ ಬಂದಿದ್ದರಾ? ನನ್ನ ಸಲಾಮು ತಿಳಿಸು. ಮರೆಯಬೇಡ, ನನ್ನ ಹೆಸರು ಹೇಳಿಯೇ ತಿಳಿಸು. ಹೊಸ ವರ್ಷದಲ್ಲಿ ಅಧಿಕಾರಿಗಳನ್ನು ತರಬೇತಿಗೆ ಹೊರದೇಶಕ್ಕೆ ಕಳಿಸುತ್ತಾರೆ, ಅದರ ಪಟ್ಟಿ ಈಗ ಆಗುತ್ತಿದೆ. ಅದರಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಪ್ಪನಿಗೆ ಹೇಳಬೇಕಾಗಿಲ್ಲ.

ನಿನ್ನ ಅಣ್ಣ
ಮುಫ್ಲಿಹ್

*

14 ಅಕ್ಟೋಬರ್ 1997
ಕರಕ್

ಅಣ್ಣ,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ. ಆ ಮುದುಕಿಯ ನಗುವನ್ನು ಅಜ್ಜಿಗೂ ಓದಿ ಹೇಳಿದೆ. "ಗಂಡ ಸತ್ತಮೇಲೆ ನಾನೂ ಹಂಗೇ ನಕ್ಕೆ" ಅಂದಳು.

ಆದರೆ ಇಲ್ಲಿ ಒಂದು ವಿಷಯವಾಗಿದೆ, ನನಗೆ ಅರ್ಥವಾಗುತ್ತಿಲ್ಲ. ನಿನ್ನೆ ದೊಡ್ಡಪ್ಪನ ಮಗಳು ಇನ್ಸಾಫ್ ಬಂದಿದ್ದಳು. ಚಹಾ ಕುಡಿದಳು, ನನ್ನ ಕೂದಲು ಚೆನ್ನಾಗಿದೆ ಅಂದಳು, ಆಮೇಲೆ ಚಪ್ಪಲಿ ಹಾಕಿಕೊಳ್ಳುತ್ತಾ, ನೀವೆಲ್ಲ ಬಾಯಲ್ಲಿ ಮತ ಹಾಕುತ್ತೀರಂತೆ, ಅಪ್ಪನಿಗೆ ಬಹಳ ಸಂತೋಷ ಅಂದಳು.

ನಿನಗೆ ಗೊತ್ತಲ್ಲ ಆ ಪದ್ಧತಿ. ಮತಚೀಟಿಯಲ್ಲಿ ಹೆಸರನ್ನು ನಾವೇ ಬರೆಯಬೇಕು. ಬರೆಯಲು ಬಾರದವರು ಮೇಜಿನ ಹತ್ತಿರ ಬಂದು, ನನಗೆ ಓದು ಬರಲ್ಲ ಅಂದು, ಹೆಸರನ್ನು ಬಾಯಲ್ಲಿ ಹೇಳುತ್ತಾರೆ. ಅಧ್ಯಕ್ಷರು ಬರೆದುಕೊಳ್ಳುತ್ತಾರೆ. ಪಕ್ಕದಲ್ಲೇ ಅಭ್ಯರ್ಥಿಗಳ ಕಡೆಯವರು ಕೂತು ಕೇಳಿಸಿಕೊಳ್ಳುತ್ತಾರೆ. ಅಜ್ಜಿಯಂಥವರಿಗೆ ಮಾಡಿದ ಉಪಕಾರ ಅದು. ಈಗ ಯಾರ ಮೇಲೆ ಕುಲಕ್ಕೆ ಅನುಮಾನವಿದೆಯೋ ಅವರು ಡಾಕ್ಟರಾದರೂ ಸರಿ, ಎಂಜಿನಿಯರಾದರೂ ಸರಿ, ಅಂದು ಒಂದು ದಿನ ಅಕ್ಷರ ಮರೆಯಬೇಕು. ಬೇರೆ ಮನೆಗಳ ಬಗ್ಗೆ ಕೇಳಿದ್ದೆ, ನಕ್ಕಿದ್ದೆ.

ಇನ್ಸಾಫ್ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡು ಕೇಳಿದೆ. "ನಾಲ್ಕು ವರ್ಷ ಸಾಹಿತ್ಯ ಓದಿದೀನಿ. ನನಗೆ ಅಕ್ಷರ ಬರಲ್ಲ ಅಂದ್ರೆ ಯಾರೇ ನಂಬ್ತಾರೆ?"

"ನಂಬೋಕೆ ಅಲ್ಲಿ ಯಾರಿರ್ತಾರೆ?" ಅಂದಳು. "ಕೇಳಿಸ್ಕೊಳೋಕೆ ನಾವಿರ್ತೀವಿ."

ಅಪ್ಪನನ್ನು ಕೇಳಿದೆ. ಮಾತು ಕೊಟ್ಟಾಗಿದೆ ಅಂದರು, ಅಷ್ಟೇ. ಮೂವತ್ತು ವರ್ಷ ಈ ಊರಿನ ಮಕ್ಕಳಿಗೆಲ್ಲ ಅಲಿಫ್ ಬಾ ಕಲಿಸಿದವರು! ಗಂಡಸರ ಮತಗಟ್ಟೆಯಲ್ಲಿ ಕೂರುವವರು ಅವರ ಶಿಷ್ಯರೇ. ಅವರೆದುರು ಹೋಗಿ ನನಗೆ ಓದು ಬರಲ್ಲ ಅನ್ನುತ್ತಾರಾ? ಚಾವಡಿಯಲ್ಲಿ ಅಷ್ಟು ಧೈರ್ಯವಾಗಿ ಮಾತಾಡಿದವರು ಆಮೇಲೆ ಹೆದರಿ ಹೋಗಿ ಮಾತು ಕೊಟ್ಟು ಬಂದರಾ? ನನಗೆ ಅಪ್ಪನ ಮೇಲೆ ಸಿಟ್ಟು ಬಂದಿದೆ. ಹಿಂದೆ ಯಾವತ್ತೂ ಬಂದಿರಲಿಲ್ಲ, ಹೇಗೆ ಇಟ್ಟುಕೊಳ್ಳಬೇಕು ಎಂದು ಗೊತ್ತಾಗುತ್ತಿಲ್ಲ.

ಅಜ್ಜಿಗೆ ಬೇರೆ ಸಿಟ್ಟು. ಅವಳಿಗೆ ಇದು ತನ್ನನ್ನು ಅಣಕಿಸಿದ ಹಾಗೆ. "ಜೀವಮಾನ ಪೂರ್ತಿ ಬಸ್ಸಿನ ಬೋರ್ಡು ಓದೋಕೆ ಬರಲ್ಲ ಅಂತ ನಾಚ್ಕೊಂಡು ಸತ್ತಿದೀನಿ. ನೀವು ನನ್ನ ಕುರುಡನ್ನ ಒಂದಿನಕ್ಕೆ ಬಾಡಿಗೆಗೆ ತಗೊಳ್ತೀರಾ?" ಅಂದಳು. ಆಮೇಲೆ ಮತ್ತೆ, "ಹೋದ ವರ್ಷ ರೊಟ್ಟಿ ದುಬಾರಿ ಆದಾಗ ಪಾರ್ಲಿಮೆಂಟಲ್ಲಿ ಕೂತೋರು ಬಾಯಿ ಬಿಡ್ಲಿಲ್ಲ. ಈಗ ಅವ್ರಿಗೆ ನಮ್ಮ ಬಾಯಿ ಬೇಕಂತೆ."

ಪ್ರತಿನಿಧಿ ಅಂದರೆ ನನ್ನ ಪರವಾಗಿ ಮಾತಾಡುವವನು ಎಂದು ಓದಿದ್ದೆ. ಇಲ್ಲಿ ಅವನ ಪರವಾಗಿ ನಾನು ಮಾತಾಡಬೇಕು, ಅದೂ ಗಟ್ಟಿಯಾಗಿ. ಹಾಗಂತ ದೊಡ್ಡಪ್ಪ ಕೆಟ್ಟವರೂ ಅಲ್ಲ. ಅಮ್ಮನಿಗೆ ಆಪರೇಷನ್ ಆದ ಚಳಿಗಾಲದಲ್ಲಿ ಹಿಮ ಬಿದ್ದ ರಸ್ತೆಯಲ್ಲಿ ಅವರೇ ಕಾರು ಓಡಿಸಿಕೊಂಡು ಆಸ್ಪತ್ರೆಗೆ ಒಯ್ದರು, ಹೊರಗಿನ ಬೆಂಚಿನ ಮೇಲೇ ಕೂತಿದ್ದರು. ಬಾಯಿ ಬಿಟ್ಟು ಕೇಳದೇ ಇದ್ದಿದ್ದರೆ ನಾನಾಗಿಯೇ ಅವರ ಹೆಸರು ಬರೆಯುತ್ತಿದ್ದೆನೋ ಏನೋ. ಕೇಳಿದ್ದರಿಂದ ಕೈ ಹಿಂದಕ್ಕೆ ಬಂತು. ಇದು ನ್ಯಾಯವೋ ಮೊಂಡುತನವೋ, ನೀನೇ ಹೇಳು.

ಅಪ್ಪನಿಗೆ ಕೊನೆಗೆ ಒಂದು ಮಾತು ಹೇಳಿದೆ. ನಾನು ಪರದೆಯ ಹಿಂದೆ ಹೋಗುತ್ತೇನೆ, ಅಣ್ಣನೂ ಹಾಗೇ ಬರೆದಿದ್ದಾನೆ ಅಂದೆ. ಅಪ್ಪ ನನ್ನ ಮುಖವನ್ನೇ ನೋಡಿದರು. "ಮುಫ್ಲಿಹ್ ಹಾಗೆ ಬರೆದಿದಾನಾ?" ಎಂದು ಎರಡು ಸಲ ಕೇಳಿದರು. ನಕ್ಕ ಹಾಗೆ ಮಾಡಿದರು, ಆದರೆ ಅದು ನಗುವಲ್ಲ. ಎದ್ದು ಆಲಿವ್ ಮರಗಳ ಕಡೆ ಹೋದರು. ಯಾಕೆ ಹಾಗೆ ಮಾಡಿದರು?

ಬೇಗ ಬರೆ. ನವೆಂಬರ್ ನಾಲ್ಕಕ್ಕೆ ಮತದಾನ.

ಮೈಸೂನ್

*

29 ಅಕ್ಟೋಬರ್ 1997

ಮೈಸೂನ್,

ನಿನ್ನ ಪತ್ರ ಇವತ್ತು ಬಂತು. ಇದು ನಿನಗೆ ಸಮಯಕ್ಕೆ ಸಿಗುತ್ತದೋ ಇಲ್ಲವೋ. ನಮ್ಮ ಅಂಚೆ ವಿಮಾನದ ಜೊತೆ ಹೋಗುತ್ತದೆ, ವಿಮಾನ ತನಗೆ ಮನಸ್ಸು ಬಂದಾಗ ಹೋಗುತ್ತದೆ.

ನಾನು ಬರೆದದ್ದನ್ನು ಅಪ್ಪನಿಗೆ ಯಾಕೆ ಹೇಳಿದೆ? ಅದು ನಿನಗೆ ಬರೆದದ್ದು. ಈ ದೇಶದ ಪರದೆಯ ಕಥೆ ಈ ದೇಶಕ್ಕೆ. ಇವರಿಗೆ ಪಕ್ಕದ ಮನೆಯವನೇ ಶತ್ರು, ಅದಕ್ಕೆ ಪರದೆ ಬೇಕು. ನಮಗೆ ಪಕ್ಕದ ಮನೆಯಲ್ಲಿ ದೊಡ್ಡಪ್ಪ ಇದ್ದಾರೆ.

ಒಂದು ಹೆಸರು. ಬಾಯಿಂದ ಗಾಳಿಗೆ ಬಿಟ್ಟ ಹಾಗೆ. ಹೇಳಿಬಿಡು, ಮನೆಗೆ ಹೋಗಿ ಅನ್ನ ಮಾಡು. ಓದು ಬರಲ್ಲ ಅಂದರೆ ಓದಿದ್ದು ಅಳಿಸಿಹೋಗುವುದಿಲ್ಲ. ಅಪ್ಪನ ಮೇಲೆ ಸಿಟ್ಟಾಗಬೇಡ. ಯಾಕೆ ಎಂದು ಕೇಳಬೇಡ.

ಮುಫ್ಲಿಹ್

*

6 ನವೆಂಬರ್ 1997
ಕರಕ್

ಅಣ್ಣ,

ನಿನ್ನ ಉತ್ತರಕ್ಕೆ ಕಾದೆ, ಬರಲಿಲ್ಲ. ಹಿಂದಿನ ಪತ್ರವನ್ನೇ ಉತ್ತರ ಅಂದುಕೊಂಡೆ.

ಮಂಗಳವಾರ ಬೆಳಗ್ಗೆ ದೊಡ್ಡಪ್ಪ ತಾವೇ ಕಾರು ತಂದರು. ಇಸ್ತ್ರಿ ಮಾಡಿದ ನಿಲುವಂಗಿ, ತಲೆಗೆ ಕೆಂಪು ಶಮಾಗ್ ವಸ್ತ್ರ, ಮೈತುಂಬ ಅತ್ತರು. ಚಾವಡಿಯ ದಿನದ ನಂತರ ಮೊದಲ ಸಲ ಅಪ್ಪನನ್ನು ತಬ್ಬಿಕೊಂಡರು. ಅಂಗಳದಲ್ಲಿ ಎಲ್ಲರೂ ಇದ್ದೆವು. "ನಿನ್ ಮಗ ಗಂಡಸು ಕಣೋ, ಅಬೂ ಮುಫ್ಲಿಹ್," ಅಂದರು. "ಭೂಮಿ ಆ ಕಡೆ ನಿಂತು ಫೋನ್ ಮಾಡಿದ. ಅಪ್ಪ ಚಾವಡೀಲಿ ಏನಾದ್ರೂ ಅಂದಿರ್ಲಿ, ನಮ್ಮನೆ ಮತ ಅಷ್ಟೂ ನಿಮಗೇ, ನಿಮ್ಮೋರ ಕಿವಿಗೆ ಬೀಳೋ ಹಂಗೆ ಹಾಕಿಸ್ತೀನಿ ಅಂದ."

ಅಪ್ಪ ನೆಲ ನೋಡುತ್ತಿದ್ದರು. ಆಗ ನನಗೆ ಅವರ ಆ ನಗು ಅರ್ಥವಾಯಿತು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ನಾನು ಮೂರು ವಾರ ತಪ್ಪು ಮನುಷ್ಯನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ.

ಅಮ್ಮ ಕೇಳಿದ್ದು ಒಂದೇ. "ಫೋನ್ ಮಾಡಿದ್ನಾ? ನಮಗೆ ಮಾಡ್ಲಿಲ್ವಲ್ಲ."

ಕಾರಿನಲ್ಲಿ ಕೂತು ನಿನ್ನನ್ನು ಜೋಡಿಸಲು ನೋಡಿದೆ. ಪರದೆಗೆ ಬಂದೂಕು ಹಿಡಿದು ಕಾವಲು ನಿಂತವನು ಒಬ್ಬ. ಫೋನಿನಲ್ಲಿ ನಮ್ಮನ್ನೆಲ್ಲ ಲೆಕ್ಕ ಹಾಕಿ ಕೊಟ್ಟವನು ಒಬ್ಬ. ಇಬ್ಬರೂ ಒಂದೇ ಕೈಬರಹದಲ್ಲಿ ಬರೆಯುತ್ತಾರೆ. ಎಷ್ಟು ಯೋಚಿಸಿದರೂ ಕೂಡಿಸಲಾಗಲಿಲ್ಲ. ಸರಿ, ಬಾಯಲ್ಲೇ ಹೇಳಿಬಿಡುತ್ತೇನೆ, ಅಣ್ಣ ಮಾತು ಕೊಟ್ಟ ಸರಕು ದೊಡ್ಡಪ್ಪನಿಗೆ ತಲುಪಲಿ ಅಂದುಕೊಂಡೆ. ನಿಜ ಹೇಳುತ್ತೇನೆ, ಹಾಗೆ ತೀರ್ಮಾನಿಸಿಯೇ ಇಳಿದೆ. ಓದು ಬರಲ್ಲ, ಓದು ಬರಲ್ಲ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅಭ್ಯಾಸ ಮಾಡಿದೆ.

ಹೆಂಗಸರ ಮತಗಟ್ಟೆ ನಾನು ಓದಿದ ಶಾಲೆಯಲ್ಲೇ. ಮೇಜಿನ ಹಿಂದೆ ಅಧ್ಯಕ್ಷೆಯಾಗಿ ಸಿತ್ತ್ ಅದೀಲಾ, ನಮ್ಮ ಹಳೆಯ ಮಿಸ್. ಹತ್ತನೇ ತರಗತಿಯಲ್ಲಿ ನಮಗೆ ವ್ಯಾಕರಣ ಕಲಿಸಿದವರು. ಪಕ್ಕದಲ್ಲಿ ದೊಡ್ಡಪ್ಪನ ಕಡೆಯಿಂದ ಇನ್ಸಾಫ್, ಇನ್ನುಳಿದ ಅಭ್ಯರ್ಥಿಗಳ ಕಡೆಯ ಹೆಂಗಸರು. ಅಜ್ಜಿ ಮೊದಲು ಹೋದಳು. "ನನಗೆ ನಿಜವಾಗ್ಲೂ ಬರಲ್ಲಮ್ಮ," ಅಂದಳು, ಆ 'ನಿಜವಾಗ್ಲೂ' ಕೋಣೆಗೆಲ್ಲ ಕೇಳಿಸಿತು. "ಬರ್ಕೋ, ನನ್ನ ಮಗ ದೈಫುಲ್ಲಾ." ಅಮ್ಮ ಹೋದಳು. ದಿನಾ ಮೂರು ಗಂಟೆಗೆ ಬರುವ ಪತ್ರಿಕೆಯನ್ನು ಅಪ್ಪನಿಗಿಂತ ಮೊದಲು ಓದಿ ಮುಗಿಸುವ ಅಮ್ಮ, ಓದು ಬರಲ್ಲ ಅಂದಳು, ದೊಡ್ಡಪ್ಪನ ಹೆಸರು ಹೇಳಿದಳು, ಸ್ಕಾರ್ಫ್ ಸರಿಮಾಡಿಕೊಂಡು ಪಕ್ಕಕ್ಕೆ ನಿಂತಳು.

ನನ್ನ ಸರದಿ. ಸಿತ್ತ್ ಅದೀಲಾ ತಲೆ ಎತ್ತದೆ ಕೇಳಿದರು, ಎಲ್ಲರನ್ನೂ ಕೇಳಿದ ಹಾಗೇ. "ಓದು ಬರಹ ಬರುತ್ತಾ?"

"ಬರುತ್ತೆ, ಮಿಸ್."

ಅದು ಹೇಗೆ ಬಂತೋ ನನಗೆ ಗೊತ್ತಿಲ್ಲ. ತರಗತಿಯಲ್ಲಿ ಕೇಳಿದಾಗ ಎದ್ದು ನಿಂತು ಹೇಳುತ್ತಿದ್ದೆವಲ್ಲ, ಹಾಗೆ ಬಂತು. ಧೈರ್ಯ ಅಂದುಕೊಳ್ಳಬೇಡ. ಧೈರ್ಯ ಮಾಡಿದ್ದರೆ ಗೊತ್ತಾಗುತ್ತಿತ್ತು. ಸಿತ್ತ್ ಅದೀಲಾ ತಲೆ ಎತ್ತಿ ನೋಡಿ, ಖಾಲಿ ಚೀಟಿಯನ್ನು ನನ್ನ ಕೈಗೆ ಕೊಟ್ಟರು. ಇನ್ಸಾಫ್ ಅಮ್ಮನ ಕಡೆ ನೋಡಿದಳು. ಅಮ್ಮ ಕಿಟಕಿಯ ಕಡೆ ನೋಡಿದಳು.

ಪರದೆ ಅಂದರೆ ಒಂದು ಹೂವಿನ ಬೆಡ್‌ಶೀಟು, ಹಗ್ಗದ ಮೇಲೆ ಇಳಿಬಿಟ್ಟಿದ್ದರು. ಒಳಗೆ ನಾನು, ಅಲ್ಲಾಹ್, ಪೆನ್ನು ಅಂದಿದ್ದೆ ನೀನು. ಹಾಗಿರಲಿಲ್ಲ ಅಣ್ಣ. ಹಿಮದಲ್ಲಿ ಕಾರು ಓಡಿಸಿದ ದೊಡ್ಡಪ್ಪ ಅಲ್ಲಿದ್ದರು. ನೆಲ ನೋಡುವ ಅಪ್ಪ ಇದ್ದರು. ಫೋನು ಹಿಡಿದ ನೀನಿದ್ದೆ. ಹೊರಗೆ ಇನ್ಸಾಫ್ ಕೆಮ್ಮುತ್ತಿದ್ದಳು. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟೊಂದು ಜನ. ಗೋಡೆಯ ಮೇಲೆ ನಾಲ್ಕು ಹೆಸರಿನ ಪಟ್ಟಿ, ಅದರಲ್ಲಿ ನನಗೆ ಗೊತ್ತಿದ್ದ ಮನುಷ್ಯ ಒಬ್ಬರೇ. ಬಹಳ ಹೊತ್ತು ನಿಂತೆ. ಆಮೇಲೆ ಒಂದು ಹೆಸರು ಬರೆದೆ, ಮಡಚಿದೆ, ಹಾಕಿ ಬಂದೆ.

ಅಪ್ಪ ಗಂಡಸರ ಮತಗಟ್ಟೆಯಲ್ಲಿ ಓದು ಬರಲ್ಲ ಅಂದರಂತೆ. ಅಲ್ಲಿ ಅಧ್ಯಕ್ಷನಾಗಿ ಕೂತಿದ್ದವನು ಅವರ ಶಿಷ್ಯ. ಅವನು ಪೆನ್ನು ಕೆಳಗಿಟ್ಟು, "ಉಸ್ತಾದ್, ಇನ್ನೊಂದು ಸಲ ಯೋಚ್ನೆ ಮಾಡಿ" ಅಂದನಂತೆ. ಅಪ್ಪ ಮತ್ತೆ ಅದನ್ನೇ ಹೇಳಿದರಂತೆ. ನಿನ್ನ ಮಾತನ್ನು ಅವರು ಉಳಿಸಿದರು. ನಾನು ಉಳಿಸಲಿಲ್ಲ.

ಸಂಜೆ ಎಣಿಕೆ. ದೊಡ್ಡಪ್ಪ ಸೋತರು. ಕೈಬೆರಳಲ್ಲಿ ಎಣಿಸುವಷ್ಟು ಮತಗಳಿಂದ. ಹೆಂಗಸರ ಪೆಟ್ಟಿಗೆಯಲ್ಲಿ ಬರಬೇಕಾದಷ್ಟು ಬರಲಿಲ್ಲವಂತೆ. ಪರದೆಯ ಹಿಂದೆ ಹೋದ ದವಾರ್ಜಾ ಹೆಂಗಸರು ಇನ್ನೂ ಎಷ್ಟೋ ಜನರಿದ್ದರು. ಆದರೆ ಬಾಯಲ್ಲಿ ಹೇಳುತ್ತೇವೆಂದು ಮಾತು ಕೊಟ್ಟಿದ್ದ ಮನೆ ನಮ್ಮದು, ಹೇಳದೆ ಹೋದವಳು ನಾನೊಬ್ಬಳೇ. ಈಗ ಸಲಾಮು ಚಿಕ್ಕದಾಗಿಯೂ ಇಲ್ಲ.

ನೀನು ಯಾವ ಮುಫ್ಲಿಹ್, ಬರೆ.

ಮೈಸೂನ್

*

24 ನವೆಂಬರ್ 1997
ದಾನ್ಯೂಬ್ ಪಕ್ಕ

ತಂಗಿ,

ಅಕ್ಟೋಬರ್ ಕೊನೆಯಲ್ಲಿ ಬರೆದ ನನ್ನ ಪತ್ರ ಈಗ ಸಿಕ್ಕಿರಬೇಕು. ಅದನ್ನು ಹರಿದುಹಾಕು. ಅಥವಾ ಬೇಡ, ಇಟ್ಟುಕೋ.

ಹೌದು, ಫೋನ್ ಮಾಡಿದೆ. ಸೆಪ್ಟೆಂಬರ್‌ನಲ್ಲಿ, ನಿನ್ನ ಮೊದಲ ಪತ್ರ ಓದಿದ ಮರುದಿನ. ಪಡೆಯ ಫೋನಿನಲ್ಲಿ ಒಬ್ಬೊಬ್ಬರಿಗೆ ಸಿಗುವುದು ಸ್ವಲ್ಪ ಹೊತ್ತು. ಮನೆಗೆ ಮಾಡಿದರೆ ಅಮ್ಮ ಅಳುತ್ತಾಳೆ, ಅದರಲ್ಲೇ ಮುಗಿಯುತ್ತದೆ. ದೊಡ್ಡಪ್ಪನಿಗೆ ಮಾಡಿದೆ. ಅಪ್ಪ ಚಾವಡಿಯಲ್ಲಿ ಅವರ ಎದುರು ಮಾತಾಡಿದ್ದು ಓದಿ ನನಗೆ ದಿಗಿಲಾಯಿತು. ತರಬೇತಿಯ ಪಟ್ಟಿಯಲ್ಲಿ ನನ್ನ ಹೆಸರು ಅಂಚಿನಲ್ಲಿತ್ತು. ಯಾರಾದರೂ ಒಂದು ಮಾತು ಹೇಳಿದರೆ ಒಳಗೆ, ಹೇಳದಿದ್ದರೆ ಹೊರಗೆ. ಹಾಗೆ ಹೇಳುವವರು ನಮಗೆ ಬೇರೆ ಯಾರಿದ್ದರು? ಮತ ಅನ್ನುವುದು ಮನೆಯ ಬಾವಿಯ ನೀರಿನ ಥರ, ಮನೆಯ ಗಂಡುಮಗ ಒಂದು ಕೊಡ ಕೊಟ್ಟರೆ ಯಾರೂ ಲೆಕ್ಕ ಕೇಳುವುದಿಲ್ಲ ಅಂದುಕೊಂಡಿದ್ದೆ.

ಪರದೆಯ ಬಗ್ಗೆ ಬರೆದದ್ದು ಅದಾದ ಒಂದು ವಾರಕ್ಕೆ. ಸುಳ್ಳು ಬರೆಯಲಿಲ್ಲ. ಆ ಮುದುಕಿಯ ನಗು ನೆನಪಾದಾಗ ನಾನು ನಂಬಿದ್ದು ಅದನ್ನೇ. ಫೋನು ಹಿಡಿದಾಗ ನಂಬಿದ್ದು ಇದನ್ನು. ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಂಡು ನಾನು ಹೇಗೆ ನಿದ್ದೆ ಮಾಡಿದೆ ಎಂದು ನೀನು ಕೇಳಿದರೆ, ಚೆನ್ನಾಗಿಯೇ ಮಾಡಿದೆ. ಈಗ ಬರುತ್ತಿಲ್ಲ.

ನಿನ್ನೆ ದೊಡ್ಡಪ್ಪನ ಜೊತೆ ಮತ್ತೆ ಮಾತಾಡಿದೆ. ಸೋತರೂ ಅವರ ಮಾತು ನಡೆಯುವ ಜಾಗಗಳು ಇನ್ನೂ ಇವೆ, ಪಟ್ಟಿಯೂ ಇನ್ನೂ ಮುಚ್ಚಿಲ್ಲ. ಅವರು ಹೇಳುವುದು ಇಷ್ಟು. ಮೈಸೂನ್ ಕುರಾನ್ ಮುಟ್ಟಿ ನಿಮ್ಮ ಹೆಸರೇ ಬರೆದೆ ಅನ್ನಲಿ, ಎಲ್ಲ ಮರೆಯುತ್ತೇನೆ. ಅವಳ ಪ್ರಮಾಣವನ್ನು ಇಡೀ ಕುಲ ಒಪ್ಪುತ್ತದೆ, ಅನುಮಾನ ಅಲ್ಲಿಗೆ ಮುಗಿಯುತ್ತದೆ.

ನೀನು ಅವರ ಹೆಸರು ಬರೆದಿದ್ದರೆ ಪ್ರಮಾಣ ಮಾಡಲು ಏನು ಕಷ್ಟ? ಬರೆಯದಿದ್ದರೆ ಸುಳ್ಳು ಪ್ರಮಾಣ ಮಾಡು ಅನ್ನುವುದಿಲ್ಲ, ಅಷ್ಟು ಕೆಟ್ಟಿಲ್ಲ ನಾನು. ನನಗೆ ಮಾತ್ರ ಹೇಳು. ಯಾರ ಹೆಸರು ಬರೆದೆ?

ಮುಫ್ಲಿಹ್

*

22 ಡಿಸೆಂಬರ್ 1997
ಕರಕ್

ಅಣ್ಣ,

ಮೊನ್ನೆ ಶನಿವಾರ ಮಧ್ಯಾಹ್ನ ದೊಡ್ಡಪ್ಪ ನಮ್ಮ ಮನೆಗೆ ಬಂದರು. ಒಬ್ಬರೇ ಬಂದರು. ಹೊರಗೆ ಮಂಜು ಇತ್ತು, ಶಮಾಗ್ ಒದ್ದೆಯಾಗಿತ್ತು. ಅಪ್ಪ ಒಲೆಯ ಹತ್ತಿರ ಜಾಗ ಕೊಟ್ಟರು. ನಾನು ಎಂದಿನಂತೆ ಒಳಗೆ ಹೋಗಿ ಕೂತೆ.

ಅಮ್ಮ ಕಹಿ ಕಾಫಿ ಬಗ್ಗಿಸಿಕೊಟ್ಟಳು. ದೊಡ್ಡಪ್ಪ ಕಪ್ಪು ತೆಗೆದುಕೊಂಡರು, ಕುಡಿಯಲಿಲ್ಲ, ಮುಂದೆ ನೆಲದ ಮೇಲಿಟ್ಟರು. ಹೆಣ್ಣು ಕೇಳಲು ಬಂದವರು, ಕೊಲೆಯ ಕ್ಷಮೆ ಕೇಳಲು ಬಂದವರು ಇಡುವ ಹಾಗೆ. ಬೇಡಿದ್ದು ಸಿಕ್ಕಿದ ಮೇಲೆ ಕುಡಿಯುತ್ತೇನೆ ಎಂದು. ನಮ್ಮ ಮನೆಯಲ್ಲಿ ಅಂಥ ಕಪ್ಪು ತುಂಬಿದ್ದ ಹಾಗೇ ವಾಪಸು ಹೋದದ್ದಿಲ್ಲ. ಅಮ್ಮನ ಉಸಿರು ನನಗೆ ಒಳಗೇ ಕೇಳಿಸಿತು.

ಅಪ್ಪ ನನ್ನನ್ನು ಕರೆದರು. "ಇದು ನನ್ನಲ್ಲಿ ಕೇಳೋ ವಿಷಯ ಅಲ್ಲ, ಅಣ್ಣಾ. ಅವಳನ್ನೇ ಕೇಳು," ಅಂದರು.

ಪ್ರಮಾಣ ಮಾಡಿಸಲು ಬಂದಿದ್ದಾರೆ ಎಂದು ನಾನು ಸಿದ್ಧವಾಗಿ ನಿಂತೆ. ದೊಡ್ಡಪ್ಪ ಕುರಾನಿನ ಮಾತೇ ಎತ್ತಲಿಲ್ಲ. ಅವರು ಬಹಳ ಇಳಿದುಹೋಗಿದ್ದಾರೆ ಅಣ್ಣ. "ಪ್ರಮಾಣ ಬೇಡಮ್ಮ," ಅಂದರು. "ಕಿವೀಲಿ ಹೇಳು ಸಾಕು. ನನಗಲ್ಲ ಅಂದ್ರೂ ಕೋಪ ಮಾಡ್ಕೊಳಲ್ಲ. ದಾರೀಲಿ ಯಾರು ಸಲಾಂ ಅಂದ್ರೂ ಮುಖ ನೋಡ್ತೀನಿ. ಇವನಾ, ಇವನ ಹೆಂಡ್ತೀನಾ ಅನ್ಸುತ್ತೆ. ಒಬ್ರದ್ದಾದ್ರೂ ಖಾತ್ರಿ ಆಗ್ಲಿ."

ನನಗೆ ಅವರ ಮೇಲೆ ಕರುಣೆ ಬಂತು. ಹೇಳಿಬಿಡುವುದರಲ್ಲಿದ್ದೆ. ಆದರೆ ಏನು ಹೇಳುವುದು? ನಿಮಗೇ ಬರೆದೆ ಅಂದರೆ ಮನಸ್ಸಿನೊಳಗೆ ನಂಬುವುದಿಲ್ಲ. ನಿಮಗೆ ಬರೆಯಲಿಲ್ಲ ಅಂದರೆ ತಕ್ಷಣ ನಂಬುತ್ತಾರೆ. ಯಾವುದು ನಿಜವೋ ಅದು ಆ ಕೋಣೆಯಲ್ಲಿ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ. ಮತ್ತೆ ಒಂದು ಯೋಚನೆ ಬಂತು, ಅದು ನಿನಗೂ ಉತ್ತರ. ಬರೆದಿದ್ದರೆ ಹೇಳಲು ಏನು ಕಷ್ಟ ಎಂದು ಕೇಳಿದೆಯಲ್ಲ. ಬರೆದವಳು ಹೇಳಿದರೆ, ನಾಳೆ ಹೇಳದೇ ಇರುವವಳೆಲ್ಲ ಬರೆಯದವಳಾಗುತ್ತಾಳೆ. ನಾನು ಯಾರ ಹೆಸರು ಬರೆದಿದ್ದರೂ ನನ್ನ ಬಾಯಿ ಮುಚ್ಚಿಯೇ ಇರಬೇಕಾಗುತ್ತದೆ. ಇಷ್ಟು ಸ್ಪಷ್ಟವಾಗಿ ಅಲ್ಲಿ ಯೋಚಿಸಿದೆ ಅಂದುಕೊಳ್ಳಬೇಡ.

"ದೊಡ್ಡಪ್ಪ, ನೀವು ನನಗೆ ಅಪ್ಪನ ಸಮಾನ," ಅಂದೆ. "ಬೇರೆ ಏನು ಬೇಕಾದ್ರೂ ಕೇಳಿ. ಇದೊಂದು ನನ್ನ ಹತ್ರಾನೇ ಇರ್ಲಿ."

ಅಜ್ಜಿ ತನ್ನ ಹಾಸಿಗೆಯಿಂದಲೇ, "ಕುಡಿಯೋ ಮಗಾ, ತಣ್ಣಗಾಗುತ್ತೆ," ಅಂದಳು. ದೊಡ್ಡಪ್ಪ ಕಪ್ಪನ್ನು ನೋಡಿದರು, ನನ್ನನ್ನು ನೋಡಿದರು. ಎದ್ದರು. ಬಾಗಿಲಲ್ಲಿ ಬೂಟು ಹಾಕಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡರು, ಯಾರಾದರೂ ಏನಾದರೂ ಹೇಳಲಿ ಎಂದು ಕಾಯುತ್ತಿರುವ ಹಾಗೆ. ಅಪ್ಪ ಗೇಟಿನವರೆಗೂ ಹೋಗಿ ಬಿಟ್ಟುಬಂದರು.

ತಿರುಗಿ ಬಂದವರು ದೊಡ್ಡಪ್ಪ ಕೂತಿದ್ದ ಜಾಗದಲ್ಲಿ ಕೂತರು. ಆ ಕಪ್ಪನ್ನು ಎತ್ತಿಕೊಂಡು, ಅಮ್ಮ ಬೇಡ ಬೇಡ ಅನ್ನುವಷ್ಟರಲ್ಲಿ, ತಣ್ಣಗಾದ ಕಾಫಿಯನ್ನು ಕುಡಿದುಬಿಟ್ಟರು. ನನ್ನ ಕಡೆ ನೋಡಲಿಲ್ಲ. "ಅವನು ಕೇಳಿದ ಹೆಸರು ನನಗೂ ಗೊತ್ತಿಲ್ಲ," ಅಂದರು. "ನನಗೆ ಗೊತ್ತಾಗೋದೂ ಬೇಡ."

ನಿನ್ನ ಪಟ್ಟಿ ಇಷ್ಟರಲ್ಲಿ ಮುಚ್ಚಿರಬಹುದು. ಅದರಲ್ಲಿ ನಿನ್ನ ಹೆಸರು ಇಲ್ಲದಿದ್ದರೆ ಅದು ನನ್ನಿಂದಲೇ ಹೋಯಿತು ಎಂದು ನೀನು ಜೀವಮಾನ ಅಂದುಕೊಳ್ಳಬಹುದು. ನಾನೂ ಅಂದುಕೊಳ್ಳುತ್ತೇನೆ. ಸ್ವಾತಂತ್ರ್ಯ ಅಂದರೆ ಹಗುರಾಗುವುದು ಎಂದು ಪುಸ್ತಕಗಳಲ್ಲಿ ಓದಿದ್ದೆ. ನನಗಂತೂ ತುಂಬಿದ ಬಸ್ಸಿನಲ್ಲಿ ಕೈಯಲ್ಲಿ ಒಂದು ಮೊಟ್ಟೆ ಹಿಡಿದು ನಿಂತ ಹಾಗಿದೆ. ಇದು ಅದೇನಾ, ಅಥವಾ ಬರೀ ಹಟವಾ, ನನಗೆ ಈಗಲೂ ಗೊತ್ತಿಲ್ಲ. ಯಾರನ್ನು ಕೇಳಬೇಕು ಅನ್ನುವುದೂ ಗೊತ್ತಿಲ್ಲ. ಮೊದಲು ನಿನ್ನನ್ನು ಕೇಳುತ್ತಿದ್ದೆ.

ರಮದಾನಿನಲ್ಲಿ ನಿಮ್ಮ ಪಡೆ ವಾಪಸು ಬರುತ್ತದೆ ಎಂದು ರೇಡಿಯೋದಲ್ಲಿ ಹೇಳಿದರು. ಅಮ್ಮ ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಲು ಬಿಸಿಲು ಕಾಯುತ್ತಿದ್ದಾಳೆ. ನನ್ನ ಎದುರು ಕೂತು ನೀನು ಮತ್ತೆ ಅದನ್ನೇ ಕೇಳುತ್ತೀಯ, ಗೊತ್ತು. ಕೇಳು. ನಾನು ಹೇಳುವುದಿಲ್ಲ. ಬಾ.

ಮೈಸೂನ್